ಮೂಕಿಯ ಕಾಲದಲ್ಲಿ ಸಿಕ್ಕಿಕೊಂಡವರು

ಲಕ್ವ ಹೊಡೆದ ಮೇಲೆ ನನ್ನ ಮಾವನವರ ಬಾಯಲ್ಲಿ ಉಳಿದದ್ದು ಒಂದೇ ಮಾತು: "ಬೇಡ." ನೀರು ಬೇಕಾದರೂ ಬೇಡ, ಫ್ಯಾನು ಹಾಕಬೇಕಾದರೂ ಬೇಡ, ಮಗಳು ಎದುರಿಗೆ ಬಂದು ನಿಂತರೂ ಬೇಡ. ಮಿದುಳಿನಲ್ಲಿ ಮಾತು ಕಟ್ಟುವ ಜಾಗಕ್ಕೇ ಪೆಟ್ಟು ಬಿದ್ದಿದೆ, ಕೆಲವರಿಗೆ ಹೀಗೆ ಒಂದೇ ಪದ ಉಳಿದುಬಿಡುತ್ತದೆ, ಯಾವುದು ಉಳಿಯುತ್ತದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ ಎಂದು ಶಿವಮೊಗ್ಗದ ಡಾಕ್ಟರು ಹೇಳಿದರು. ನನ್ನ ಹೆಂಡತಿ ಆಸ್ಪತ್ರೆಯ ಗೋಡೆಗೆ ಒರಗಿ ನಿಂತು ಅತ್ತಳು. ಅಳುತ್ತ ಅಳುತ್ತಲೇ ನಕ್ಕಳು.

"ಅಪ್ಪಂಗೆ ಬೇರೆ ಯಾವ ಮಾತು ಉಳೀಬೇಕಿತ್ತು ಹೇಳ್ರಿ. ಜೀವಮಾನ ಎಲ್ಲ ಅಂದಿದ್ದು ಅದೊಂದೇ ಅಲ್ವಾ," ಅಂದಳು.

ಅದು ನಿಜವೇ. ಮಾವ ಸರ್ವೆಯರ್ ಆಗಿದ್ದವರು. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕುಗಳ ಹೊಲಗದ್ದೆಗಳ ಮೇಲೆ ಅಳತೆಯ ಸರಪಳಿ ಎಳೆಸಿಕೊಂಡು ನಡೆದವರು. ಜಮೀನಿನ ಗಡಿ ಗುರುತಿಸುವ ಹದ್ದುಬಸ್ತಿಗೆ ಹೋದ ಕಡೆ ಎರಡು ಪಾರ್ಟಿಯವರೂ ಕಾಫಿ ಹಿಡಿದು ನಿಲ್ಲುತ್ತಿದ್ದರಂತೆ. ಒಬ್ಬರದು ಕುಡಿದರೆ ಇನ್ನೊಬ್ಬರಿಗೆ ಅನುಮಾನ, ಹಾಗಾಗಿ ಇಬ್ಬರಿಗೂ "ಬೇಡ" ಅಂದು ತಾವೇ ಒಯ್ದ ನೀರು ಕುಡಿಯುತ್ತಿದ್ದರು. ನಿವೃತ್ತರಾದ ಮೇಲೂ ಬೆಳಿಗ್ಗೆ ಎದ್ದರೆ ನಡಿಗೆ. ದಾರಿಯಲ್ಲಿ ಸಿಕ್ಕಿದವರು ಸ್ಕೂಟರ್ ನಿಲ್ಲಿಸಿ ಬನ್ನಿ ಅಂದರೆ ಬೇಡ. ಅಂಥ ಮನುಷ್ಯ ಈಗ ಬೀದಿ ಕಡೆಯ ಕೋಣೆಯಲ್ಲಿ, ಮೇಲೆ ಕೆಳಗೆ ಮಾಡುವ ಕಬ್ಬಿಣದ ಮಂಚದ ಮೇಲೆ, ಬಲಗೈ ಬಲಗಾಲು ತಮ್ಮವಲ್ಲ ಎಂಬಂತೆ ಬಿಟ್ಟುಕೊಂಡು ಮಲಗಿದ್ದರು. ಆ ಕೋಣೆಯಲ್ಲಿ ಅವರ ಜೊತೆ ಇಡೀ ದಿನ ಇರುವವನು ನಾನು.

ನಾನು ಶಿಕಾರಿಪುರದವನು. ಅಪ್ಪನದು ಹೊಲಿಗೆ ಅಂಗಡಿ. ಇತಿಹಾಸದಲ್ಲಿ ಎಂ.ಎ. ಮಾಡಿ ಅಲ್ಲೇ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಮಾವನವರಿಗೆ ಇದ್ದವಳು ಒಬ್ಬಳೇ ಮಗಳು, ಅತ್ತೆ ತೀರಿಕೊಂಡಿದ್ದರು. ಮದುವೆಯ ಮಾತುಕತೆಯಲ್ಲೇ, ಅಳಿಯನಾಗುವವನು ಸೊರಬದಲ್ಲಿ ಬಂದು ಇರಬೇಕು ಅಂದರು. ನಮ್ಮ ಮನೆಯಲ್ಲಿ ಅಣ್ಣಂದಿರಿದ್ದರು, ಯಾರಿಗೂ ತಕರಾರು ಇರಲಿಲ್ಲ. ಹೀಗೆ ನಾನು ಮನೆ ಅಳಿಯನಾದೆ. ಬೆಳಿಗ್ಗೆ ಬಸ್ಸು ಹಿಡಿದು ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗಿ ಪಾಠ ಮಾಡಿ ಸಂಜೆ ಬರುತ್ತಿದ್ದೆ. ಬಸ್ಸಿನಲ್ಲಿ ಓದುತ್ತಿದ್ದೆ. ನಾನು ಓದುತ್ತಿದ್ದದ್ದು ಸಿನಿಮಾದ ಚರಿತ್ರೆ.

ಈ ಹುಚ್ಚು ಹತ್ತಿಕೊಂಡದ್ದು ಪಿ.ಯು.ಸಿ. ಓದುವಾಗ. ಶಿಕಾರಿಪುರದ ಗ್ರಂಥಾಲಯದಲ್ಲಿ ಇಂಗ್ಲಿಷಿನ ಒಂದು ದಪ್ಪ ಪುಸ್ತಕವಿತ್ತು. ಸಿನಿಮಾ ಹುಟ್ಟಿದ್ದು ಹೇಗೆ, ಮೊದಲ ಕ್ಯಾಮೆರಾ ಹೇಗಿತ್ತು, ಮೂಕಿ ಚಿತ್ರಗಳಲ್ಲಿ ಏನಿರುತ್ತಿತ್ತು ಎಂಬುದೆಲ್ಲ ಅದರಲ್ಲಿ. ರಟ್ಟು ಕಿತ್ತುಹೋಗಿತ್ತು, ಕೊನೆಯ ಅಧ್ಯಾಯಗಳನ್ನು ಇಲಿ ತಿಂದಿತ್ತು. ನಡುನಡುವೆ ನುಣುಪು ಹಾಳೆಯಲ್ಲಿ ಕಪ್ಪು ಬಿಳುಪು ಚಿತ್ರಗಳು. ಒಂದರಲ್ಲಿ ಒಬ್ಬ ಹೆಂಗಸು ಕಿಟಕಿಗೆ ಮೊಣಕೈ ಊರಿ ಕೆಳಗೆ ಬೀದಿಯನ್ನು ನೋಡುತ್ತಿದ್ದಳು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಿದೆ. ನಮ್ಮೂರಿನ ಟಾಕೀಸಿನಲ್ಲಿ ಬರುತ್ತಿದ್ದ ಸಿನಿಮಾಗಳಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಆಮೇಲೆ ಶಿವಮೊಗ್ಗದಲ್ಲಿ, ಬೆಂಗಳೂರಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಸಿಕ್ಕಿದ್ದನ್ನೆಲ್ಲ ತಂದು ಓದಿದೆ. ಹೀಗೆ ವರ್ಷಗಟ್ಟಲೆ ನಾನು ಸಿನಿಮಾಗಳನ್ನು ನೋಡದೆ ಓದಿದವನು. ನಮ್ಮ ದೇಶದ ಮೂಕಿಗಳಲ್ಲಿ ಬಹುಪಾಲು ಈಗ ಇಲ್ಲವೇ ಇಲ್ಲ. ಕೆಲವು ಸುಟ್ಟುಹೋದವು, ಕೆಲವನ್ನು ಫಿಲ್ಮಿನಲ್ಲಿದ್ದ ಬೆಳ್ಳಿ ತೆಗೆಯಲು ತೊಳೆದುಬಿಟ್ಟರು ಎಂದು ಓದಿದಾಗ, ನೋಡಿರದ ಬಂಧುಗಳ ಸಾವಿನ ಸುದ್ದಿ ಕೇಳಿದ ಹಾಗಾಗಿತ್ತು.

ಮಾವನವರಿಗೆ ಇದು ಅರ್ಥವಾಗುತ್ತಿರಲಿಲ್ಲ. ಮಾತಿದ್ದ ಕಾಲದಲ್ಲಿ ಒಮ್ಮೆ ನನ್ನ ಪುಸ್ತಕದ ಕಪಾಟಿನ ಮುಂದೆ ನಿಂತು ಕೇಳಿದ್ದರು: "ಅಳಿಯಂದ್ರೇ, ಇದ್ರಲ್ಲಿರೋರೆಲ್ಲ ಸತ್ತೋರಲ್ವೇನ್ರಿ?"

"ಹೌದು ಮಾವ."

"ಸತ್ತೋರು ನಡೆಯಾದನ್ನ ನೋಡಾಕೆ ಇಷ್ಟೊಂದು ಓದ್ಬೇಕಾ," ಅಂದು ತಮ್ಮ ವಾಕಿಂಗಿಗೆ ಹೋಗಿದ್ದರು.

ಅವರು ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲಿ ಒಂದು ಬೆಳಿಗ್ಗೆ, ಹೆಂಡತಿ ಅಕ್ಕಿ ತೊಳೆಯುತ್ತ ನನ್ನ ಕಡೆ ನೋಡದೆ ಮಾತು ತೆಗೆದಳು. ಅವಳು ಕ್ಯಾಸನೂರಿನ ಕಡೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ.

"ಒಂದು ವರ್ಷ ನೋಡಾಣ್ರಿ. ನಂದು ಪರ್ಮನೆಂಟು. ನಿಮ್ದು ಹೆಂಗೂ ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕೋ ಕೆಲಸ."

ಅದರಲ್ಲಿ ತಪ್ಪು ಹುಡುಕಲು ಹೋದರೆ ಏನೂ ಸಿಗುತ್ತಿರಲಿಲ್ಲ. "ಆಯ್ತು" ಅಂದೆ. ಆ ವರ್ಷ ಅರ್ಜಿ ಹಾಕಲಿಲ್ಲ. ಯಾರೂ ನನ್ನನ್ನು ಕೂಡಿ ಹಾಕಲಿಲ್ಲ, ಯಾರೂ ಗದರಲಿಲ್ಲ. ಬೀದಿ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಆದರೆ ಕೂಗಳತೆ ದೂರದ ಅಂಗಡಿಗೆ ಹೋಗಿ ಬ್ರೆಡ್ಡು ತೆಗೆದುಕೊಂಡವನು ಓಡಿಕೊಂಡೇ ವಾಪಸ್ ಬರುತ್ತಿದ್ದೆ. ಮಂಚದ ಕಂಬಿಯ ನಡುವೆ ಅವರ ಕಾಲು ಸಿಕ್ಕಿಕೊಂಡಿದ್ದರೆ? ಎಂಜಲು ನೆತ್ತಿಗೆ ಹತ್ತಿದ್ದರೆ?

ಹೆಂಡತಿ ಎಂಟೂವರೆಗೆ ಸ್ಕೂಟರಿನಲ್ಲಿ ಹೊರಡುತ್ತಿದ್ದಳು. ಬೇಸಿಗೆಯಲ್ಲಾದರೆ ಕಾಡಂಚಿನಲ್ಲಿ ಮಂಗನ ಕಾಯಿಲೆ ತರುವ ಉಣುಗಿನ ಹೆದರಿಕೆಗೆ ಕಾಲಿಗೆ ಎಣ್ಣೆ ಹಚ್ಚಿಕೊಂಡು. ಅವಳು ಹೋದ ಮೇಲೆ ಮಾವನಿಗೆ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಗಂಜಿ ತಿನ್ನಿಸುವುದು, ಮಗ್ಗುಲು ತಿರುಗಿಸುವುದು, ಬಿದ್ದುಹೋದ ಕೈಯನ್ನು ಎತ್ತಿ ಇಳಿಸಿ ವ್ಯಾಯಾಮ ಮಾಡಿಸುವುದು. ಕೆಲಸದ ನಡುವೆ ಕಿಟಕಿಯಾಚೆ ಹೋಗುವವರು ಒಬ್ಬರಲ್ಲ ಒಬ್ಬರು ಕೇಳುತ್ತಿದ್ದರು: "ಏನ್ ಸಾರ್, ಮನೇಲೇ ಇದೀರಾ?" ಕೆಟ್ಟ ಮನಸ್ಸಿನಿಂದ ಕೇಳುವವರಲ್ಲ. ಆದರೆ ಮನೆಯಲ್ಲೇ ಇರುವ ಗಂಡಸಿಗೆ ಆ ಪ್ರಶ್ನೆಗೆ ಹೊಸ ಉತ್ತರ ಇರುವುದಿಲ್ಲ. ಹೌದು, ಮನೇಲೇ ಇದೀನಿ. ನಾಳೆಯೂ ಇರ್ತೀನಿ.

ಇನ್ನೊಂದು ತೊಂದರೆ ಶಬ್ದದ್ದು. ಮಾವನವರಿಗೆ ಶಬ್ದ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಮಿಕ್ಸಿ ತಿರುಗಿದರೆ, ಕುಕ್ಕರ್ ಕೂಗಿದರೆ ಮುಖ ಕೆಂಪಾಗಿ ಎಡಗೈಯಿಂದ ಮಂಚದ ಕಂಬಿ ಬಡಿಯುತ್ತಿದ್ದರು. ನಾನು ಅನ್ನವನ್ನು ಪಾತ್ರೆಯಲ್ಲಿ ಬೇಯಿಸಿ ಬಸಿಯಲು ಕಲಿತೆ. ಟಿ.ವಿ.ಗೆ ಹಳೆ ಬೆಡ್‌ಶೀಟ್ ಹೊದಿಸಿದೆವು. ಫೋನನ್ನು ಹಿತ್ತಲಿಗೆ ಒಯ್ದು ಮಾತಾಡುತ್ತಿದ್ದೆ.

ಮಧ್ಯಾಹ್ನ ಊಟವಾದ ಮೇಲೆ ಅವರಿಗೆ ಒಂದು ನಿದ್ದೆ ಹತ್ತುತ್ತಿತ್ತು. ಆ ಹೊತ್ತು ಮಾತ್ರ ನನ್ನದು. ಮಂಚದ ಪಕ್ಕ ಚಾಪೆ ಹಾಸಿಕೊಂಡು, ಹೆಂಡತಿಯ ಹಳೆಯ ಟ್ಯಾಬನ್ನು ದಿಂಬಿಗೆ ಒರಗಿಸಿ, ಶಬ್ದ ಪೂರ್ತಿ ತೆಗೆದು, ಜೀವನವಿಡೀ ಓದಿದ್ದ ಸಿನಿಮಾಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡತೊಡಗಿದೆ. ಮೂಕಿಗಳಾದ್ದರಿಂದ ಶಬ್ದ ತೆಗೆದರೂ ನಷ್ಟವಿರಲಿಲ್ಲ. ಇಯರ್‌ಫೋನ್ ಹಾಕುವ ಹಾಗಿರಲಿಲ್ಲ. ಹಾಕಿದರೆ ಅವರ "ಬೇಡ" ಕೇಳಿಸುವುದಿಲ್ಲ.

ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕ್ರಮವಾಗಿ ಹೋಗಬೇಕೆಂದು ತೀರ್ಮಾನಿಸಿದ್ದೆ. ಮೊದಲು ತೀರಾ ಹಳೆಯವು: ನಿಮಿಷವೂ ಇರದ ತುಣುಕುಗಳು. ಕಾರ್ಖಾನೆ ಬಿಟ್ಟು ಹೊರಬರುವ ಜನ, ಮಗುವಿಗೆ ತಿನ್ನಿಸುವ ಅಪ್ಪ ಅಮ್ಮ, ದೋಣಿ ನೂಕುವವರು. ಆಮೇಲೆ ಕತೆ ಇರುವಂಥವು. ಆ ಕಿಟಕಿಯ ಹೆಂಗಸಿನ ಸಿನಿಮಾವೂ ಒಂದು ದಿನ ಸಿಕ್ಕಿತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಅವಳ ಸುತ್ತ ಇಡೀ ಒಂದು ಕತೆ ಕಟ್ಟಿಕೊಂಡಿದ್ದೆ. ಸಿನಿಮಾದಲ್ಲಿ ಅವಳು ಕಿಟಕಿಗೆ ಬರುತ್ತಾಳೆ, ಕೆಳಗೆ ನೋಡುತ್ತಾಳೆ, ಕಿಟಕಿ ಮುಚ್ಚಿ ಹೋಗುತ್ತಾಳೆ. ಮತ್ತೆ ಬರುವುದೇ ಇಲ್ಲ. ಕತೆ ಬೇರೆ ಯಾರದೋ. ಪುಸ್ತಕದಲ್ಲಿ ಎಲ್ಲರೂ ನನಗಾಗಿ ನಿಂತಿದ್ದರು. ಸಿನಿಮಾದಲ್ಲಿ ಎಲ್ಲರೂ ಅವಸರದಲ್ಲಿದ್ದರು. ಬೇಸರವಾದರೂ ಖುಷಿಯಾಗಿತ್ತು. ದಿನದ ಉಳಿದ ಹೊತ್ತನ್ನು ಆ ಮಧ್ಯಾಹ್ನದ ಆಸೆಯಲ್ಲಿ ದೂಡುತ್ತಿದ್ದೆ.

ಒಂದು ದಿನ ಹೀಗೆ ನೋಡುತ್ತಿದ್ದಾಗ ತಲೆಯ ಮೇಲೆ ಉಸಿರಿನ ಸದ್ದು ಬದಲಾದದ್ದು ಗೊತ್ತಾಯಿತು. ತಿರುಗಿ ನೋಡಿದರೆ ಮಾವ ಕಣ್ಣು ಬಿಟ್ಟುಕೊಂಡು ಮಂಚದ ಅಂಚಿಗೆ ಮುಖ ತಂದು ಟ್ಯಾಬ್ ನೋಡುತ್ತಿದ್ದಾರೆ. ಆಗ ಓಡುತ್ತಿದ್ದದ್ದು ಯಾವುದೋ ದೇಶದ ಯಾವುದೋ ಊರಿನ ಬೀದಿ. ಟ್ರಾಮ್ ಗಾಡಿಯ ಮೂತಿಗೆ ಕ್ಯಾಮೆರಾ ಇಟ್ಟು ತೆಗೆದದ್ದು. ಬೀದಿ ಮುಂದಿನಿಂದ ಬಂದು ಎರಡೂ ಪಕ್ಕಕ್ಕೆ ಸರಿದು ಹೋಗುತ್ತದೆ. ಟೋಪಿ ಹಾಕಿದವರು ದಾಟುತ್ತಾರೆ, ಕುದುರೆ ಗಾಡಿ ಅಡ್ಡ ಬರುತ್ತದೆ, ಸೈಕಲ್ಲಿನವನು ತಿರುಗಿ ನಮ್ಮನ್ನೇ ನೋಡುತ್ತಾನೆ. ಅಷ್ಟೇ. ಮುಗಿಯಿತು.

"ಬೇಡ," ಅಂದರು ಮಾವ.

ನಿಲ್ಲಿಸಿದೆ. "ಬೇಡ, ಬೇಡ," ಎಂದು ಕಂಬಿ ಬಡಿದರು. ನೀರು ಕೊಟ್ಟೆ, ನೂಕಿದರು. ಮಗ್ಗುಲು ತಿರುಗಿಸಲು ಹೋದೆ, ಬೈಯುವ ಹಾಗೆ ನೋಡಿದರು. ಕೊನೆಗೆ ಟ್ಯಾಬನ್ನು ಎತ್ತಿ ಅದೇ ಬೀದಿಯನ್ನು ಮತ್ತೆ ಹಾಕಿದೆ. ಸುಮ್ಮನಾದರು. ಹೊದಿಕೆಯ ಕೆಳಗೆ ಅವರ ಎಡಗಾಲು ಅಲ್ಲಾಡುತ್ತಿತ್ತು.

ಸಂಜೆ ಹೆಂಡತಿಗೆ ಹೇಳಿದಾಗ ಅವಳ ಮುಖ ಅರಳಿತು. "ನೋಡಿ, ಅಪ್ಪಂಗೂ ಒಂದು ಹೊತ್ತು ಹೋಗೋ ದಾರಿ ಆಯ್ತು," ಅಂದಳು. ನನಗೂ ಒಂದೆರಡು ದಿನ ಹಾಗೇ ಅನ್ನಿಸಿತು.

ಆಮೇಲೆ ಅದು ಮಧ್ಯಾಹ್ನಕ್ಕೆ ನಿಲ್ಲಲಿಲ್ಲ. ಬೆಳಿಗ್ಗೆ ಗಂಜಿಯ ಮೊದಲ ಚಮಚಕ್ಕೇ ಟ್ಯಾಬಿನ ಕಡೆ ಕಣ್ಣು. ಹಾಕದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ. ಬೇರೆ ಸಿನಿಮಾ ತೋರಿಸಿ ನೋಡಿದೆ. ಕತೆ ಇದ್ದದ್ದು ಅವರಿಗೆ ಹಿಡಿಸಲಿಲ್ಲ. ನಗಿಸುವ ಮೂಕಿಗಳಲ್ಲಿ ಯಾರಾದರೂ ಜಾರಿ ಬೀಳುತ್ತಾರಲ್ಲ, ಅದನ್ನು ಕಂಡರೆ ಅವರ ಕಣ್ಣಲ್ಲಿ ನೀರು ಬಂದುಬಿಡುತ್ತಿತ್ತು. ಲಕ್ವ ಹೊಡೆದ ದಿನ ಅವರೂ ಬಚ್ಚಲಿನಲ್ಲಿ ಬಿದ್ದವರು. ಬೇಕಾದದ್ದು ಬೀದಿ, ದಾರಿ, ನಡೆಯುವ ಜನ. ಅಂಥವು ಸಿಕ್ಕಿದ್ದೇ ಕೆಲವು. ಅವನ್ನೇ ದಿನಕ್ಕೆ ಎಷ್ಟು ಸಲ ಹಾಕಿದೆನೋ. ಯಾವ ತಿರುವಿನಲ್ಲಿ ಯಾವ ನಾಯಿ ಬರುತ್ತದೆ ಎಂದು ಕಣ್ಣು ಮುಚ್ಚಿ ಹೇಳುವಷ್ಟಾಯಿತು. ಮಧ್ಯಾಹ್ನದ ನಿದ್ದೆಯನ್ನೂ ಅವರು ಬಿಟ್ಟರು.

ನನ್ನ ಪುಸ್ತಕದಲ್ಲಿ ಗುರುತಿಗೆಂದು ಇಟ್ಟ ಬಸ್ ಟಿಕೆಟ್ಟು ಅದೇ ಪುಟದಲ್ಲಿ ಉಳಿಯಿತು. ಚರಿತ್ರೆಯಲ್ಲಿ ನಾನು ಮುಂದೆ ಹೋಗಬೇಕಿತ್ತು. ಮಾವ ನನ್ನನ್ನು ಸಿನಿಮಾ ಹುಟ್ಟಿದ ಹೊಸತರ ಆ ಕೆಲವೇ ವರ್ಷಗಳಲ್ಲಿ ಕಟ್ಟಿಹಾಕಿದ್ದರು. ಮೈ ಒರೆಸುವುದು, ಬಟ್ಟೆ ಬದಲಿಸುವುದರ ಸಾಲಿಗೆ ಸಿನಿಮಾವೂ ಸೇರಿತು. ನನಗೆ ಅಂತ ಇದ್ದ ಒಂದು ಕಿಂಡಿ, ಅದರಲ್ಲೂ ಅವರ ತಲೆಯೇ ಅಡ್ಡ.

ಆ ದಿನಗಳಲ್ಲಿ ಶಿಕಾರಿಪುರದಿಂದ ಹಳೆಯ ಸಹೋದ್ಯೋಗಿಯೊಬ್ಬರ ಫೋನು ಬಂತು. ಕನ್ನಡ ಮೇಷ್ಟ್ರು. ಊರಿನಲ್ಲಿ ಓದುಗರ ಒಂದು ಸಣ್ಣ ಬಳಗ ಕಟ್ಟಿಕೊಂಡಿದ್ದರು. ತಿಂಗಳಿಗೊಂದು ಭಾನುವಾರ ಒಂದು ಟ್ಯೂಷನ್ ಕೋಣೆಯಲ್ಲಿ ಸೇರುತ್ತಿದ್ದರು.

"ಸಿನಿಮಾ ಶುರುವಾಗಿದ್ದು ಹೆಂಗೆ ಅಂತ ಒಂದು ತಾಸು ಮಾತಾಡ್ರಿ. ನಿಮ್ಮಷ್ಟು ಓದಿದವರು ಈ ಕಡೆ ಯಾರಿದಾರ್ರೀ," ಅಂದರು.

ಹಿತ್ತಲಿನಲ್ಲಿ ನಿಂತು ಕೇಳಿಸಿಕೊಂಡ ಆ ಮಾತು ಎಷ್ಟು ದಿನದ ಮೇಲೆ ಕಿವಿಗೆ ಬಿದ್ದಿತ್ತೆಂದರೆ, ಏನೂ ಯೋಚಿಸದೆ ಒಪ್ಪಿಕೊಂಡೆ. ಹೆಂಡತಿಯೂ ಹೋಗಿ ಬನ್ನಿ ಅಂದಳು. ಭಾನುವಾರ ಹತ್ತಿರ ಬಂದಾಗ ಅವಳಿಗೆ ಅದೇ ದಿನ ಚುನಾವಣೆ ತರಬೇತಿ ಬಿತ್ತು.

"ತಪ್ಪಿಸಕ್ಕೆ ಆಗಲ್ವಾ?" ಎಂದು ಕೇಳಿದೆ.

"ಯಾರನ್ನ ಕೇಳ್ಲಿ? ಹೋಗ್ಲಿಲ್ಲ ಅಂದ್ರೆ ನೋಟಿಸ್ ಬರ್ತದೆ. ಎದುರು ಮನೆ ಅಮ್ಮನ್ನ ಕೂರಿಸಿ ಹೋಗಿ."

ಎದುರು ಮನೆಯವರು ಸಂತೋಷದಿಂದ ಒಪ್ಪಿ, ಪರೀಕ್ಷೆಗೆಂದು ಒಂದು ಸಂಜೆ ಬಂದು ಕೂತರು. ಮಾವ ಅವರನ್ನು ನೋಡಿ ಕಂಬಿ ಬಡಿದು ಬಡಿದು ಕೈಯ ಚರ್ಮ ಕಿತ್ತುಕೊಂಡರು. ಆ ಹೆಂಗಸು ಹೆದರಿ ಎದ್ದುಹೋದರು. ನಾನು ಗಾಯಕ್ಕೆ ಮುಲಾಮು ಹಚ್ಚುತ್ತ, ನನಗೇ ಗೊತ್ತಿಲ್ಲದೆ, "ಹಂಗಾದ್ರೆ ಇವರನ್ನೂ ಕರ್ಕಂಡೇ ಹೋಗ್ತೀನಿ," ಅಂದೆ.

"ಅಪ್ಪನ್ನಾ?" ಅಂದಳು ಹೆಂಡತಿ.

"ಹೂಂ. ಕಾರು ಮಾಡ್ಕಂಡು. ದಾರಿ ನೋಡೋದು ಅಂದ್ರೆ ಇಷ್ಟ ಅಲ್ವಾ ಅವರಿಗೆ."

ಅವಳು ನನ್ನ ಮುಖ ನೋಡಿದಳು. ಬೇಡ ಅನ್ನಲಿಲ್ಲ.

ಭಾನುವಾರ ಬಾಡಿಗೆ ಕಾರಿನ ಮುಂದಿನ ಸೀಟು ಹಿಂದಕ್ಕೆ ಬಾಗಿಸಿ, ಅವರನ್ನು ದಿಂಬುಗಳ ನಡುವೆ ಕೂರಿಸಿ ಬೆಲ್ಟು ಕಟ್ಟಿದೆವು. ವೀಲ್‌ಚೇರ್ ಮಡಚಿ ಹಿಂದೆ. ಸೊರಬ ದಾಟುತ್ತಿದ್ದಂತೆ ಅವರ ಕುತ್ತಿಗೆ ನೆಟ್ಟಗಾಯಿತು. ಗಾಜಿನಾಚೆ ದಾರಿ ಬಂದು ಬಂದು ಎರಡು ಪಕ್ಕಕ್ಕೆ ಸರಿಯುತ್ತಿತ್ತು. ಎಡಗಾಲು ಅಲ್ಲಾಡುತ್ತಿತ್ತು. ನಾನು ಹಿಂದೆ ಕೂತು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಶಿರಾಳಕೊಪ್ಪ ಬಿಟ್ಟು ತಾಳಗುಂದಕ್ಕೆ ತಿರುಗುವ ದಾರಿಯ ಹತ್ತಿರ ಬಂದಾಗ ಅವರು ಎಡಗೈ ಎತ್ತಿ ಕಿಟಕಿ ಬಡಿಯತೊಡಗಿದರು.

"ಬೇಡ. ಬೇಡ. ಬೇಡ."

ಡ್ರೈವರಿಗೆ ಗಾಬರಿ. "ಸಾರ್, ನಿಲ್ಸ್ಬೇಕಾ ಬೇಡ್ವಾ? ಬೇಡ ಅಂತಿದಾರೆ."

"ನಿಲ್ಸಿ. ಬೇಡ ಅಂದ್ರೆ ಬೇಕು ಅಂತ."

ಕೊಯ್ಲಾದ ಮೆಕ್ಕೆಜೋಳದ ಹೊಲ. ದಂಟು ಒಣಗಿ ನಿಂತಿತ್ತು. ಮೂಲೆಯಲ್ಲಿ ಗಡಿ ತೋರಿಸುವ ಒಂದು ಬಾಂದುಕಲ್ಲು. ನನಗೆ ಎದೆ ತುಂಬಿ ಬಂತು. ತಾವು ಅಳೆದ ಹೊಲವನ್ನು ಗುರುತಿಸಿದ್ದಾರೆ ಅಂದುಕೊಂಡೆ. ಬಾಗಿಲು ತೆರೆದು, "ಇದು ನೀವು ಅಳತೆ ಮಾಡಿದ ಹೊಲವಾ ಮಾವ?" ಎಂದು ಕೇಳಿದೆ. ಅವರು ನನ್ನನ್ನು ಮೂರ್ಖನನ್ನು ನೋಡುವ ಹಾಗೆ ನೋಡಿ ಪಂಚೆ ಹಿಡಿದುಕೊಂಡರು. ಅವರಿಗೆ ಉಚ್ಚೆಗೆ ಅವಸರವಾಗಿತ್ತು. ಇಳಿಸುವಷ್ಟರಲ್ಲಿ ಬಟ್ಟೆ ಒದ್ದೆಯಾಯಿತು. ರಸ್ತೆ ಪಕ್ಕದಲ್ಲಿ, ಹೋಗುವ ಬಸ್ಸಿನವರು ಇಣುಕಿ ನೋಡುತ್ತಿರುವಾಗ, ನಾನೂ ಡ್ರೈವರೂ ಅವರಿಗೆ ಬೇರೆ ಪಂಚೆ ಉಡಿಸಿದೆವು.

ಶಿಕಾರಿಪುರ ಮುಟ್ಟಿದಾಗ ತಡವಾಗಿತ್ತು. ಬಂದವರಲ್ಲಿ ಅರ್ಧ ಜನ ಎದ್ದು ಹೋಗಿದ್ದರು. ಉಳಿದವರು ಎದ್ದು ನಿಂತು ವೀಲ್‌ಚೇರಿಗೆ ದಾರಿ ಬಿಟ್ಟರು. ಮಾವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಾತು ಶುರು ಮಾಡಿದೆ. ಬಹಳ ದಿನ ಜನರ ಮುಂದೆ ನಿಂತಿರಲಿಲ್ಲ. ನಾನು ಒಂದು ವಾಕ್ಯ ಮುಗಿಸಿ ಉಸಿರು ತೆಗೆದುಕೊಂಡಾಗಲೆಲ್ಲ ಮಾವ, "ಬೇಡ," ಅನ್ನುತ್ತಿದ್ದರು. ಮೊದಮೊದಲು ಜನ ನಗು ತಡೆದುಕೊಂಡರು. ಮುಂದಿನ ಸಾಲಿನ ಹಿರಿಯರೊಬ್ಬರು, "ಯಜಮಾನ್ರೇ ಬೇಡ ಅಂತಿದ್ರೆ ಬಿಟ್ಬಿಡ್ರಿ ಸಾರ್, ಚಾ ಕುಡ್ಯಾಣ," ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ತೆರೆಯ ಮೇಲೆ ಮೊದಲ ಸಲ ರೈಲು ಬಂದಾಗ ಜನ ಹೆದರಿ ಎದ್ದು ಓಡಿದರು ಎಂಬ ಕತೆಯನ್ನು ಹೇಳಿದೆ. ಹಳೆಯ ಪುಸ್ತಕಗಳೆಲ್ಲ ಅದನ್ನೇ ಬರೆಯುತ್ತವೆ, ಈಚಿನವರು ಹುಡುಕಿ ನೋಡಿದರೆ ಅದಕ್ಕೆ ಸಾಕ್ಷಿಯೇ ಇಲ್ಲ, ಆ ಕಾಲದ ಜನರೂ ನಮ್ಮ ಹಾಗೇ ಬುದ್ಧಿ ಇದ್ದವರು, ಚಿತ್ರಕ್ಕೆ ಯಾರು ಹೆದರುತ್ತಾರೆ ಅಂದೆ. ಮಾತು ಚೆನ್ನಾಗಿ ಬಂತು, ಕೆಲವರು ತಲೆಯಾಡಿಸಿದರು. ಆಮೇಲೆ ಕಿಟಕಿ ಮುಚ್ಚಿಸಿ ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ಅದೇ ಟ್ರಾಮಿನ ಬೀದಿಯನ್ನು ಹಾಕಿದೆ.

ಟ್ಯಾಬಿನಲ್ಲಿ ಅಂಗೈಯಗಲ ಇದ್ದ ಬೀದಿ ಗೋಡೆಯುದ್ದ ಆಗಿ ಎದ್ದು ಬಂತು. ಕುದುರೆ ಗಾಡಿ ನೇರ ನಮ್ಮ ಮೇಲೆ ಬರುತ್ತಿದೆ. ಮಾವ ಎಡಗೈಯಿಂದ ಮುಖ ಮುಚ್ಚಿಕೊಂಡು, "ಬೇಡ!" ಎಂದು ಕೂಗಿದರು. ಆ ಮಾತು ತನ್ನದೇ ಅರ್ಥದಲ್ಲಿ ಬಂದದ್ದನ್ನು ಅಷ್ಟು ತಿಂಗಳಲ್ಲಿ ನಾನು ಕೇಳಿದ್ದು ಅದೇ ಮೊದಲು. ಏಳಲು ಹೋದರು. ಏಳುವ ಕಾಲು ಒಂದೇ. ನಾನು ಹಿಡಿಯುವ ಮೊದಲೇ ವೀಲ್‌ಚೇರಿನಿಂದ ಜಾರಿ ನೆಲಕ್ಕೆ ಬಂದರು. ಯಾರೋ ದೀಪ ಹಾಕಿದರು. ಗೋಡೆಯ ಮೇಲೆ ಬೀದಿ ಮಸುಕಾಗಿ ಓಡುತ್ತಲೇ ಇತ್ತು. ಪೆಟ್ಟೇನೂ ಆಗಿರಲಿಲ್ಲ, ಆದರೆ ಅವರ ಮೈ ನಡುಗುತ್ತಿತ್ತು. ನೆಲದ ಮೇಲೆ ಅವರನ್ನು ತಬ್ಬಿಕೊಂಡು ಕೂತೆ. ಯಾರೂ ನಗಲಿಲ್ಲ. ಮಾತು ಅಲ್ಲಿಗೇ ಮುಗಿಯಿತು. ಕನ್ನಡ ಮೇಷ್ಟ್ರು ಕಾರಿನವರೆಗೂ ಬಂದು, "ಇನ್ನೊಂದ್ಸಲ ಬರ್ರಿ," ಅಂದರು, ಮತ್ತೆ ಯಾವಾಗ ಎಂದು ಹೇಳಲಿಲ್ಲ. ವಾಪಸ್ ಬರುವಾಗ ಮಾವ ದಾರಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರು.

ಆ ದಿನದಿಂದ ಅವರು ಟ್ಯಾಬ್ ಮುಟ್ಟಗೊಡಲಿಲ್ಲ. ತೋರಿಸಿದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಮಧ್ಯಾಹ್ನದ ನಿದ್ದೆ ಮತ್ತೆ ಬಂತು, ಮತ್ತೆ ಆ ಹೊತ್ತು ನನ್ನದಾಯಿತು. ಪುಸ್ತಕದ ಗುರುತು ಮುಂದೆ ಸರಿಯಿತು. ಒಂದೊಂದೇ ವರ್ಷ ದಾಟಿ ಮೂಕಿಯ ಕೊನೆಗೆ ಬಂದೆ. ಅದರಾಚೆ ಟಾಕಿ. ಅಲ್ಲಿ ಜನ ಬಾಯಿ ತೆರೆದು ಮಾತಾಡುತ್ತಾರೆ, ಹಾಡುತ್ತಾರೆ. ಶಬ್ದ ಹಾಕುವ ಹಾಗಿಲ್ಲ, ಕಿವಿ ಮುಚ್ಚುವ ಹಾಗಿಲ್ಲ. ತುಟಿ ಅಲ್ಲಾಡುವುದನ್ನು ಸ್ವಲ್ಪ ದಿನ ನೋಡಿದೆ. ಏನೂ ಗೊತ್ತಾಗಲಿಲ್ಲ. ಮತ್ತೆ ಹಿಂದಕ್ಕೆ ಬಂದು ನೋಡಿದ ಮೂಕಿಗಳನ್ನೇ ನೋಡತೊಡಗಿದೆ. ಒಂದು ವರ್ಷ ಎಂದು ಅಂದುಕೊಂಡದ್ದು ಆಗಲೇ ಎರಡನೆಯದಕ್ಕೆ ಬಿದ್ದಿತ್ತು, ಅದರ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಒಂದು ಸಂಜೆ ಸಣ್ಣ ವಿಷಯಕ್ಕೆ ಜಗಳವಾಯಿತು. ಅವಳು ಬರುವಾಗ ಔಷಧಿ ತರಲು ಮರೆತಿದ್ದಳು. ಶಬ್ದವಾಗಬಾರದೆಂದು ಹಿತ್ತಲಿನಲ್ಲಿ ನಿಂತು, ಪಿಸುಮಾತಿನಲ್ಲಿ ಜಗಳಾಡಿದೆವು.

"ನೀನಾದ್ರೂ ದಿನಾ ಹೊರಗೆ ಹೋಗ್ತೀಯ," ಅಂದೆ.

"ಹೊರಗಾ?" ಅಂದಳು. "ಶಾಲೆ ಬಾಗಿಲು ತೆಗ್ಯೋದೂ ನಾನೇ, ಹಾಕೋದೂ ನಾನೇ. ಹಾದೀಲಿ ಸ್ಕೂಟರ್ ಮೇಲೆ ಇರೋವಾಗ ಮಾತ್ರ ನನ್ನ ಯಾರೂ ಕರೆಯಲ್ಲ. ಮನೆಗೆ ಬಂದ್ರೆ ಅಪ್ಪನ ಮುಖ, ನಿಮ್ಮ ಮುಖ. ಎರಡೂ ಒಂದೇ ತರ ಆಗಿಬಿಟ್ಟಿದಾವೆ ಕಣ್ರಿ. ಯಾವ್ದನ್ನ ನೋಡಿ ಸಮಾಧಾನ ಮಾಡ್ಕಳ್ಲಿ?"

ಒಗೆಯುವ ಕಲ್ಲಿನ ಮೇಲೆ ಇಬ್ಬರೂ ಕೂತೆವು. ಅವಳು ಕಾಲಿಗೆ ಹಚ್ಚಿದ ಎಣ್ಣೆಯನ್ನು ಸೆರಗಿನ ತುದಿಯಿಂದ ಒರೆಸಿಕೊಳ್ಳುತ್ತ, "ಬರೋ ಜೂನಿಗೆ ಅರ್ಜಿ ಹಾಕಿ. ಪೂರ್ತಿ ವಾರ ಆಗ್ದಿದ್ರೆ ಎರಡು ದಿನ ಕೇಳಿ. ನಾನು ಯಾರನ್ನಾದ್ರೂ ಹುಡುಕ್ತೀನಿ," ಅಂದಳು.

ಹುಡುಕಿದಳು. ಅವಳ ಶಾಲೆಯ ಹಳ್ಳಿಯವರೇ, ತಮ್ಮ ತಾಯಿಯನ್ನು ಹಾಸಿಗೆಯಲ್ಲಿ ನೋಡಿಕೊಂಡು ಅನುಭವವಿದ್ದ ಒಬ್ಬ ಹೆಂಗಸು. ವಾರಕ್ಕೆ ಎರಡು ದಿನ ಬರಲು ಒಪ್ಪಿದರು. ಶಿಕಾರಿಪುರದ ಕಾಲೇಜಿನಲ್ಲಿ ನನಗೆ ಎರಡು ದಿನದ ಪಾಠ ಸಿಕ್ಕಿತು. ಆ ಹೆಂಗಸು ಬಂದ ಮೊದಲ ದಿನ ಮಾವ ಕಂಬಿ ಬಡಿಯಲಿಲ್ಲ, ಸುಮ್ಮನೆ ನೋಡಿದರು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡಾಗ ಆಕೆ ಕೇಳಿದರು: "ಅಣ್ಣಾ, ಇವ್ರು ಬೇಡ ಅಂದ್ರೆ ಏನು ಅಂತ ತಿಳ್ಕಳಾದು?"

ಹೇಳತೊಡಗಿದೆ. "ಗಿಡ್ಡಕ್ಕೆ ಒಂದೇ ಸಲ ಅಂದ್ರೆ ನೀರು. ಎರಡು ಸಲ ಬೇಗ ಬೇಗ ಅಂದ್ರೆ ಮಗ್ಗುಲು ತಿರುಗಿಸ್ಬೇಕು. ಎಳೆದು ಅಂದ್ರೆ ನಿದ್ದೆ ಬರ್ತಾ ಇದೆ, ಕಿಟಕಿ ಪರದೆ ಎಳೀಬೇಕು. ಕಣ್ಣು ಮುಚ್ಕಂಡು ಅಂದ್ರೆ ತಲೆ ನೋವು. ಪಂಚೆ ಹಿಡ್ಕಂಡು ಅಂದ್ರೆ ಉಚ್ಚೆಗೆ, ಅದಕ್ಕೆ ತಡ ಮಾಡಬಾರದು..." ಹೇಳುತ್ತ ಹೋದ ಹಾಗೆ ಇನ್ನೊಂದು, ಮತ್ತೊಂದು ನೆನಪಾಗುತ್ತಿತ್ತು. ಆಕೆ ತಾಳ್ಮೆಯಿಂದ ಹೂಂಗುಟ್ಟಿದರು. ಮಾವ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಇಷ್ಟೆಲ್ಲ ನನಗೆ ಗೊತ್ತಿದೆ ಎಂಬುದು ನನಗೇ ಗೊತ್ತಿರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು. ಮುಂದಿನ ಬಸ್ಸಿನಲ್ಲಿ ಶಿರಾಳಕೊಪ್ಪದವರೆಗೆ ನಿಂತುಕೊಂಡೇ ಹೋದೆ. ಬೇಲಿ, ಹೊಲ, ಜನ ಎಲ್ಲ ಕಿಟಕಿಯಾಚೆ ಹಿಂದೆ ಸರಿಯುತ್ತಿದ್ದರೂ ನನ್ನ ಮನಸ್ಸು ಅತ್ತ ಹೋಗಲಿಲ್ಲ. ಕಣ್ಣು ಮುಚ್ಚಿಕೊಂಡು ಅಂದರೆ ತಲೆನೋವು ಎಂದು ಹೇಳಿದೆನೋ ಇಲ್ಲವೋ ಎಂದೇ ಯೋಚಿಸುತ್ತಿದ್ದೆ.

ಸಂಜೆ ಬಂದಾಗ ಆಕೆ ಹೊರಡಲು ತಯಾರಾಗಿ ನಿಂತಿದ್ದರು. ಕೋಣೆ ಚೊಕ್ಕಟವಾಗಿತ್ತು, ಮಾವನ ತಲೆ ಬಾಚಿತ್ತು.

"ತೊಂದ್ರೆ ಆಯ್ತಾ ಅಮ್ಮಾ?"

"ಏನಿಲ್ಲ ಅಣ್ಣಾ. ಊಟ ಮಾಡಿದ್ರು, ಮಲಗಿದ್ರು. ಆದ್ರೆ ಇಡೀ ದಿನ ಬಾಯೇ ಬಿಡಲಿಲ್ಲ. ನೀವು ಹೇಳಿಕೊಟ್ಟ ಬೇಡ ಒಂದೂ ಕೇಳಿಸ್ಲಿಲ್ಲ."

ಆಕೆ ಹೋದ ಮೇಲೆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಅವರು ನನ್ನ ಬ್ಯಾಗನ್ನು, ನನ್ನ ಧೂಳು ಹಿಡಿದ ಚಪ್ಪಲಿಯನ್ನು ನೋಡಿದರು.

"ಬೇಡ," ಅಂದರು.

ಗಿಡ್ಡವೂ ಅಲ್ಲ, ಎಳೆದದ್ದೂ ಅಲ್ಲ. ಇನ್ನೊಂದು ಸಲ ಅನ್ನುತ್ತಾರೇನೋ ಎಂದು ಕಾದೆ. ಅನ್ನಲಿಲ್ಲ. ಯಾವ ಬೇಡವೋ ನನಗೆ ತಿಳಿಯಲಿಲ್ಲ. ಎದ್ದು ಹೋಗಿ ನೀರು ತಂದುಕೊಟ್ಟೆ. ಕುಡಿದರು.